ಒಡೆತನವೂ ಕಾವಲೂ: ಕಾಗದನಗರ ಕಲಿಸುವ ಪಾಠ

ವಿದ್ಯಾಸಂಸ್ಥೆಗಳ ಪಾಲಿಗೆ ಕಾಗದವು ನಿತ್ಯದ ಅವಶ್ಯಕ ವಸ್ತು. ಪಠ್ಯಪುಸ್ತಕ, ಬರೆಯುವ ಪುಸ್ತಕ, ಹಾಜರಿ ಪಟ್ಟಿ, ಪರೀಕ್ಷೆಯ ಉತ್ತರಪತ್ರಿಕೆ, ವರ್ಷಕ್ಕೊಮ್ಮೆ ಹೊರಬರುವ ಸ್ಮರಣ ಸಂಚಿಕೆ ಇವೆಲ್ಲವೂ ಕಾಗದವನ್ನೇ ಆಶ್ರಯಿಸಿವೆ. ಆದರೆ ಆ ಕಾಗದವು ಯಾವ ಕಾಡಿನಿಂದ ಬಂತು, ಯಾವ ನದಿಯ ನೀರನ್ನು ಕುಡಿದು ಬಂತು, ಅದನ್ನು ತಯಾರಿಸಿದವರ ಬಾಳು ಏನಾಯಿತು ಎಂಬ ಪ್ರಶ್ನೆಗಳು ತರಗತಿಯಲ್ಲಿ ಏಳುವುದು ವಿರಳ. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಕಾಗದದಿಂದಲೇ ಹೆಸರು ಪಡೆದ ಬಡಾವಣೆಯೊಂದಿದೆ. ಕಾಗದನಗರವೆಂಬ ಆ ನೆಲೆಯ ಚರಿತ್ರೆಯನ್ನು ಪರ್ಯಾಲೋಚಿಸಿದರೆ ಈ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ.

ಗಾಳಿ, ನೀರು, ನೆಲ, ಕಾಡುಗಳ ಬಳಕೆಗೆ ರಾಜ್ಯವು ಕಾನೂನಿನ ಮೂಲಕ ಎಲ್ಲೆ ಕಟ್ಟುವುದನ್ನು ಪರಿಸರ ನಿಯಂತ್ರಣವೆನ್ನುತ್ತಾರೆ. ಮುಂದೆ ಹುಟ್ಟುವವರ ಪಾಲನ್ನು ಇಂದಿನವರು ಉಣ್ಣದಂತೆ ನಡೆಸುವ ಆಡಳಿತವನ್ನು ಸುಸ್ಥಿರ ಆಳ್ವಿಕೆಯೆನ್ನುತ್ತಾರೆ. ಶಬ್ದಗಳು ಹೊಸವು, ಆಲೋಚನೆ ಹಳೆಯದು. ಎಲ್ಲೆಯನ್ನು ಕಟ್ಟುವವನೂ ಎಲ್ಲೆಯೊಳಗೆ ವ್ಯವಹಾರ ನಡೆಸುವವನೂ ಒಬ್ಬನೇ ಆದಾಗ ಆ ಎಲ್ಲೆಯ ಗತಿ ಏನು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಬೆಂಕಿಪುರದಿಂದ ಕಾಗದನಗರಕ್ಕೆ

ಭದ್ರಾವತಿಯ ಹಿಂದಿನ ಹೆಸರು ಬೆಂಕಿಪುರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಇಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಗೊಂಡು ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ಸಮೀಪದಲ್ಲಿತ್ತು. ಕಲ್ಲಿದ್ದಲು ಸಮೀಪದಲ್ಲಿ ಇರಲಿಲ್ಲ. ಆದಕಾರಣ ಕುಲುಮೆಗೆ ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲೇ ಉರುವಲಾಯಿತು. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಮರದ ಬಟ್ಟಿ ಇಳಿಸುವ ಉದ್ಯಮವೂ ಸೇರಿಕೊಂಡಿತ್ತೆಂಬುದು ಗಮನಾರ್ಹ. ಭದ್ರಾವತಿಯ ಉದ್ಯಮಕ್ಕೂ ಸುತ್ತಣ ಕಾಡಿಗೂ ನಂಟು ಬೆಳೆದದ್ದು ಹೀಗೆ.

ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ೧೯೩೬ರಲ್ಲಿ, ಮೈಸೂರು ಕಾಗದ ಕಾರ್ಖಾನೆ ಅಸ್ತಿತ್ವಕ್ಕೆ ಬಂದಿತು. ಜನರ ಬಾಯಲ್ಲಿ ಅದು ಎಂ.ಪಿ.ಎಂ. ಎಂದೇ ಪ್ರಸಿದ್ಧ. ಭದ್ರೆಯ ನೀರು, ಕಾಡಿನ ಬಿದಿರು, ರೈಲುಮಾರ್ಗ ಈ ಮೂರೂ ಒಂದೆಡೆ ಕೂಡಿದ್ದರಿಂದ ಸ್ಥಳದ ಆಯ್ಕೆ ಸಮರ್ಪಕವಾಗಿಯೇ ಇತ್ತು. ನಾನಾ ಕಡೆಗಳಿಂದ ಕುಟುಂಬಗಳು ಬಂದು ನೆಲಸಿದವು; ವಸತಿ, ಶಾಲೆ, ಆಸ್ಪತ್ರೆ, ಆಟದ ಬಯಲು ಬೆಳೆದವು. ಕಾರ್ಖಾನೆಯ ಕೂಗಿಗೆ ಊರಿನ ದಿನಚರಿ ಹೊಂದಿಕೊಂಡಿತು. ಈ ಉಪಕಾರವನ್ನು ಮರೆತು ಕೇವಲ ಅಪಕಾರವನ್ನು ಎಣಿಸುವುದು ನ್ಯಾಯವಾಗದು. ಹಾಗೆಯೇ ಉಪಕಾರವೊಂದನ್ನೇ ಹೇಳಿ ಲೆಕ್ಕ ಮುಗಿಸುವುದೂ ನ್ಯಾಯವಾಗದು.

ಬಿದಿರಿನ ಲೆಕ್ಕ

ಕಾರ್ಖಾನೆಯ ಮೊದಲ ಆಹಾರ ಬಿದಿರು. ಬಿದಿರಾದರೋ ಕಾರ್ಖಾನೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಜನರ ಬದುಕಿನಲ್ಲಿ ಬೆರೆತಿದ್ದ ಸಸ್ಯ. ಮೇದರು ಅದನ್ನು ಸೀಳಿ ಬುಟ್ಟಿ, ಮೊರ, ಕಣಜ, ತಡಿಕೆಗಳನ್ನು ಹೆಣೆದು ಬಾಳಿದರು. ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕವೂ ಇದೇ. ಮಳೆಗಾಲದಲ್ಲಿ ಕಳಲೆ ಮಲೆನಾಡಿಗರ ಊಟದ ಪದಾರ್ಥ. ಕಾಗದದ ಗಿರಣಿಗಳು ತಲೆಯೆತ್ತಿದ ಮೇಲೆ ಸರ್ಕಾರವು ಅವುಗಳಿಗೆ ಬಿದಿರನ್ನು ರಿಯಾಯಿತಿ ದರದಲ್ಲಿ ಒದಗಿಸಿತು. ಸಂತೆಯಲ್ಲಿ ಬಿದಿರು ಕೊಳ್ಳುವ ಮೇದರನು ತೆರುತ್ತಿದ್ದ ಬೆಲೆಗೂ ಗಿರಣಿ ತೆರುತ್ತಿದ್ದ ಬೆಲೆಗೂ ಅಜಗಜಾಂತರವಿತ್ತು. ಅಗ್ಗವಾಗಿ ದೊರೆತ ವಸ್ತುವನ್ನು ಜತನ ಮಾಡುವವರು ಕಡಿಮೆ. ಹತ್ತಿರದ ಕಾಡಿನಲ್ಲಿ ಬಿದಿರು ತೀರಿದರೆ ದೂರದ ಕಾಡಿಗೆ ಹೋದರಾಯಿತು ಎಂಬ ಭಾವನೆ ಬೆಳೆಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ೧೯೭೦ರ ದಶಕದ ಉತ್ತರಾರ್ಧದಲ್ಲಿ ರಾಜ್ಯದ ಬಿದಿರು ಸಂಪತ್ತಿನ ಅಧ್ಯಯನ ಕೈಗೊಂಡರು. ಆಗ ಉತ್ತರ ಕನ್ನಡದಲ್ಲಿ ಅವರಿಗೆ ತಿಳಿದುಬಂದ ಒಂದು ಸಂಗತಿ ಶಿಕ್ಷಕರು ಮಕ್ಕಳಿಗೆ ಹೇಳಲು ಯೋಗ್ಯವಾದುದು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟ ಹೊದಿಕೆ ಇರುತ್ತದೆ. ಅದನ್ನು ಸವರಿ ಬಿಡಿಸಿದರೆ ಮೆಳೆ ಚೆನ್ನಾಗಿ ಬೆಳೆದೀತೆಂದು ಅರಣ್ಯ ನಿರ್ವಹಣೆಯ ನಿಯಮ ಹೇಳುತ್ತಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಅದು ಹೋದರೆ ದನವೂ ಕಾಡುಪ್ರಾಣಿಯೂ ಕಳಲೆಯನ್ನು ಮೇದುಬಿಡುತ್ತವೆ ಎಂಬುದು ಹಳ್ಳಿಗರಿಗೆ ಗೊತ್ತಿತ್ತು. ಅಧ್ಯಯನವು ಹಳ್ಳಿಗರ ಮಾತನ್ನೇ ಎತ್ತಿಹಿಡಿಯಿತು. ಸದುದ್ದೇಶದಿಂದ ಬರೆದ ನಿಯಮವೂ ಸ್ಥಳದ ಅರಿವನ್ನು ಕೇಳದೆ ಬರೆದುದಾದರೆ ಹಾನಿಯನ್ನೇ ಮಾಡೀತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಒಂದೇ ಕೈಯಲ್ಲಿ ಮೂರು ಅಧಿಕಾರ

೧೯೭೭ರಲ್ಲಿ ಕಾಗದ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು. ಮುಂದೆ ವರ್ಷಕ್ಕೆ ೭೫ ಸಾವಿರ ಟನ್ ಸುದ್ದಿಕಾಗದ ತಯಾರಿಸುವ ಸಾಮರ್ಥ್ಯ ಅದಕ್ಕೆ ಒದಗಿತು. ಸಕ್ಕರೆ ಕಾರ್ಖಾನೆಯೂ ಸೇರಿ, ಕಬ್ಬಿನ ಸಿಪ್ಪೆಯನ್ನು ಕಾಗದಕ್ಕೆ ಬಳಸುವ ಸ್ವಾಗತಾರ್ಹ ಪದ್ಧತಿಯೂ ಬಂದಿತು. ಆದರೂ ಮರದ ಬೇಡಿಕೆ ಏರುತ್ತಲೇ ಇತ್ತು. ಇದಕ್ಕಾಗಿ ೧೯೮೦ರಲ್ಲಿ ರಾಜ್ಯ ಸರ್ಕಾರವು ೨೦ ಸಾವಿರ ಹೆಕ್ಟೇರಿಗೂ ಮಿಕ್ಕಿದ ಅರಣ್ಯಭೂಮಿಯನ್ನು ೪೦ ವರ್ಷಗಳ ಅವಧಿಗೆ ಕಾರ್ಖಾನೆಗೆ ಗುತ್ತಿಗೆ ಕೊಟ್ಟಿತು. ನೀಲಗಿರಿ, ಅಕೇಶಿಯಾ ಮೊದಲಾದ ಬೇಗ ಬೆಳೆಯುವ ಮರಗಳ ನೆಡುತೋಪುಗಳು ಅಲ್ಲಿ ಎದ್ದವು.

ಅದೇ ವರ್ಷದ ಅಕ್ಟೋಬರ್ ೨೫ರಿಂದ ಅರಣ್ಯ ಸಂರಕ್ಷಣೆ ಕಾಯಿದೆ ಜಾರಿಗೆ ಬಂದಿತು. ಅರಣ್ಯಭೂಮಿಯನ್ನು ಅನ್ಯ ಕಾರ್ಯಕ್ಕೆ ಬಳಸಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂಬುದು ಅದರ ಸಾರ. ಗುತ್ತಿಗೆಯ ಅವಧಿ ೨೦೨೦ರ ಆಗಸ್ಟ್‌ನಲ್ಲಿ ಮುಗಿಯಿತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಗುತ್ತಿಗೆಯು ಕಾಯಿದೆಗಿಂತ ಎರಡು-ಮೂರು ತಿಂಗಳು ಮುಂಚಿನದೆಂದು ತಿಳಿಯುತ್ತದೆ. ಎರಡು-ಮೂರು ತಿಂಗಳ ಈ ಅಂತರದಿಂದ ನಲವತ್ತು ವರ್ಷಗಳ ಕಾಲ ಒಂದು ಸೀಮೆಯ ನೆಲದ ಸ್ವರೂಪ ನಿರ್ಣಯವಾಯಿತು.

೧೯೮೮ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಸರ್ಕಾರದ ಒಡೆತನಕ್ಕಾಗಲಿ ಹತೋಟಿಗಾಗಲಿ ಒಳಪಡದ ಸಂಸ್ಥೆಗೆ ಅರಣ್ಯಭೂಮಿಯನ್ನು ಗುತ್ತಿಗೆ ಕೊಡುವುದಕ್ಕೂ ಪೂರ್ವಾನುಮತಿ ಬೇಕೆಂದು ಅದರಲ್ಲಿ ವಿಧಿಸಲಾಯಿತು. ಸರ್ಕಾರದ್ದೇ ಆದ ಸಂಸ್ಥೆ ಈ ವಾಕ್ಯದ ಹೊರಗೆ ಉಳಿಯಿತು. ಸರ್ಕಾರದ ಕೈಯಿಂದ ಕಾಡಿಗೆ ಕೇಡಾಗದೆಂಬ ನಂಬಿಕೆ ಆ ವಾಕ್ಯದಲ್ಲಿ ಅಡಗಿದೆ. ಈ ಭೇದವು ೨೦೨೩ರ ತಿದ್ದುಪಡಿಯವರೆಗೆ ಕಾನೂನಿನಲ್ಲಿ ಉಳಿದಿತ್ತು.

ಇಲ್ಲಿ ರಾಜ್ಯವು ಮೂರು ಪಾತ್ರಗಳನ್ನು ವಹಿಸಿತೆಂಬುದನ್ನು ಗಮನಿಸಬೇಕು. ಕಾಡಿನ ಒಡೆಯನಾಗಿ ಅದು ಗುತ್ತಿಗೆ ಕೊಟ್ಟಿತು. ಕಾರ್ಖಾನೆಯ ಒಡೆಯನಾಗಿ ಗುತ್ತಿಗೆ ಪಡೆಯಿತು. ಕಾಡು ಮತ್ತು ನದಿಗಳ ಕಾವಲುಗಾರನಾಗಿ ಆ ಗುತ್ತಿಗೆಯನ್ನು ಪರೀಕ್ಷಿಸಬೇಕಾದದ್ದೂ ಅದೇ. ಕೊಡುವವನೂ ಕೊಳ್ಳುವವನೂ ತಕ್ಕಡಿ ಹಿಡಿಯುವವನೂ ಒಬ್ಬನೇ ಆದರೆ ತೂಕದಲ್ಲಿ ಮೋಸ ನಡೆದೇ ತೀರುತ್ತದೆಂದಲ್ಲ. ಆದರೆ ತೂಕವನ್ನು ಪ್ರಶ್ನಿಸುವವರು ಆ ಅಂಗಡಿಯಲ್ಲಿ ಯಾರೂ ಇರುವುದಿಲ್ಲ.

ನದಿಯ ಸಾಕ್ಷ್ಯ

ಕಾಗದ ತಯಾರಿಕೆಯಲ್ಲಿ ಮರದ ಅಥವಾ ಬಿದಿರಿನ ಚಕ್ಕೆಗಳನ್ನು ಕ್ಷಾರದ್ರವದಲ್ಲಿ ಬೇಯಿಸುತ್ತಾರೆ. ನಾರು ಬೇರ್ಪಟ್ಟು, ನಾರನ್ನು ಬೆಸೆದಿದ್ದ ಅಂಟುಪದಾರ್ಥ ಕರಗಿ ಕಪ್ಪು ದ್ರವವಾಗುತ್ತದೆ. ಈ ದ್ರವವನ್ನು ಗಟ್ಟಿಮಾಡಿ ಉರಿಸಿದರೆ ಕ್ಷಾರ ಮರಳಿ ದೊರೆಯುತ್ತದೆ, ಶಾಖವೂ ಸಿಗುತ್ತದೆ. ನದಿಗೆ ಬಿಟ್ಟರೆ ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿ ಮೀನಿನ ಉಸಿರು ಕಟ್ಟಿಸುತ್ತದೆ. ಹಳೆಯ ಪದ್ಧತಿಯ ಗಿರಣಿಗಳಲ್ಲಿ ಒಂದು ಟನ್ ಕಾಗದಕ್ಕೆ ನೂರು ಘನ ಮೀಟರಿಗೂ ಮಿಕ್ಕಿ ನೀರು ಬೇಕಾಗುತ್ತಿತ್ತು. ಹೀಗೆ ಬಳಸಿದ ನೀರನ್ನು ಶುದ್ಧಿಗೊಳಿಸಿ ಬಿಡುವುದೋ ಹಾಗೆಯೇ ಬಿಡುವುದೋ ಎಂಬುದು ವಿಜ್ಞಾನದ ಪ್ರಶ್ನೆಯಾಗಿ ಉಳಿಯದೆ ಖರ್ಚಿನ ಪ್ರಶ್ನೆಯಾಗುತ್ತದೆ. ಖರ್ಚನ್ನು ಕಾರ್ಖಾನೆ ಹೊರದಿದ್ದರೆ ಕೆಳಗಿನ ಊರುಗಳು ಹೊರುತ್ತವೆ.

೧೯೭೨ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದ ತರುವಾಯ, ೧೯೭೪ರಲ್ಲಿ, ಭಾರತದ ಸಂಸತ್ತು ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಲಿ ಸ್ಥಾಪಿತವಾಯಿತು. ೧೯೭೬ರ ಸಂವಿಧಾನ ತಿದ್ದುಪಡಿ ಪರಿಸರ ರಕ್ಷಣೆಯನ್ನು ರಾಜ್ಯದ ಹೊಣೆಯನ್ನಾಗಿಯೂ ಪ್ರಜೆಯ ಕರ್ತವ್ಯವನ್ನಾಗಿಯೂ ಸಾರಿತು. ಆದರೆ ಮಂಡಲಿಯ ರಚನೆಯನ್ನು ನೋಡಿದರೆ ಹಿಂದೆ ಹೇಳಿದ ತೊಡಕು ಇಲ್ಲಿಯೂ ಕಾಣುತ್ತದೆ. ಅಧ್ಯಕ್ಷರನ್ನೂ ಸದಸ್ಯರನ್ನೂ ನಾಮಕರಣ ಮಾಡುವುದು ರಾಜ್ಯ ಸರ್ಕಾರವೇ. ಸರ್ಕಾರಿ ಕಂಪನಿಗಳ ಪ್ರತಿನಿಧಿಗಳಾಗಿ ಇಬ್ಬರು ಸದಸ್ಯರಿರಬೇಕೆಂದು ಕಾಯಿದೆಯೇ ಹೇಳಿತು. ಅನುಭವಿಗಳ ಸಲಹೆ ದೊರೆಯಲೆಂಬುದು ಇದರ ಉದ್ದೇಶವಿರಬಹುದು. ಆದರೂ ಪರೀಕ್ಷೆಗೆ ಒಳಪಡಬೇಕಾದವರಿಗೆ ಪರೀಕ್ಷಕರ ಪಂಕ್ತಿಯಲ್ಲಿ ಮಣೆ ಹಾಕಿದಂತಾಯಿತು.

ಕಾರ್ಖಾನೆಯೊಂದನ್ನೇ ದೂಷಿಸುವವರಿಗೂ ಭದ್ರೆ ಒಂದು ಪಾಠ ಹೇಳುತ್ತಾಳೆ. ಕಾಗದದ ಯಂತ್ರಗಳು ನಿಂತ ಮೇಲೆ, ೨೦೧೮ರಲ್ಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ದೇಶದಲ್ಲಿ ೩೫೧ ಕಲುಷಿತ ನದಿಭಾಗಗಳನ್ನು ಗುರುತಿಸಿತು. ಅವುಗಳಲ್ಲಿ ಕರ್ನಾಟಕದವು ೧೭. ಭದ್ರಾವತಿ-ಹೊಳೆಹೊನ್ನೂರು ನಡುವಣ ಭದ್ರೆ, ಶಿವಮೊಗ್ಗ-ಕೂಡಲಿ ನಡುವಣ ತುಂಗೆ ಎರಡೂ ಆ ಪಟ್ಟಿಯಲ್ಲಿದ್ದವು. ಎರಡು ಪಟ್ಟಣಗಳ ಕೊಳಚೆಯನ್ನು ಹೊತ್ತ ಎರಡು ನದಿಗಳು ಕೂಡಲಿಯ ಪವಿತ್ರ ಸಂಗಮದಲ್ಲಿ ಒಂದಾಗುತ್ತವೆ. ಕಾರ್ಖಾನೆಗೆ ಹಾಕುವ ಎಲ್ಲೆಯನ್ನು ನಗರಸಭೆಯೂ ಮನೆಯ ಬಚ್ಚಲೂ ಒಪ್ಪಬೇಕೆಂಬುದು ಇದರಿಂದ ಸಿದ್ಧ.

ಮೂರನೆಯವರ ದನಿ

ಒಡೆಯನೂ ಕಾವಲುಗಾರನೂ ಒಂದಾದೆಡೆ ಎಚ್ಚರಿಕೆಯ ದನಿ ಹೊರಗಿನಿಂದಲೇ ಬರಬೇಕಾಗುತ್ತದೆ. ಕನ್ನಡನಾಡಿನ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕೆ ಎರಡು ಉದಾಹರಣೆಗಳನ್ನು ಕೊಡಬಹುದು.

೧೯೮೪ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಹುಟ್ಟುಹಾಕಿದವು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಸೊಪ್ಪು ತರುತ್ತಿದ್ದ ಸುಮಾರು ೩೦ ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಶಿವಮೊಗ್ಗ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿತ್ತು. ಸಮಾಜ ಪರಿವರ್ತನ ಸಮುದಾಯದವರು ಇದನ್ನು ವಿರೋಧಿಸಿದರು. ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿದಾರರಲ್ಲಿ ಒಬ್ಬರಾದರು. ೧೯೮೭ರ ನವೆಂಬರಿನಲ್ಲಿ ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂಬುದು ಆ ಸತ್ಯಾಗ್ರಹದ ಹೆಸರು. ೧೯೯೧ರಲ್ಲಿ ಕಂಪನಿ ಮುಚ್ಚಿತು.

ಎರಡನೆಯದು ಭದ್ರೆಯ ತವರಿನದು. ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ೧೯೭೬ರಲ್ಲಿ ಸ್ಥಾಪನೆಯಾಯಿತು. ಅದು ಕೇಂದ್ರ ಸರ್ಕಾರದ ಉದ್ಯಮ. ಅದೇ ಪ್ರದೇಶವನ್ನು ೧೯೮೭ರಲ್ಲಿ ಸರ್ಕಾರವೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಗಣಿಯೂ ಸರ್ಕಾರದ್ದು, ಉದ್ಯಾನವೂ ಸರ್ಕಾರದ್ದು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳಿಯುತ್ತಿತ್ತು. ಈ ವಿರೋಧಾಭಾಸ ಪರಿಹಾರವಾದದ್ದು ೨೦೦೨ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಿಂದ. ೨೦೦೫ರ ಡಿಸೆಂಬರ್ ೩೧ಕ್ಕೆ ಗಣಿಗಾರಿಕೆ ನಿಂತಿತು. ಜನರೂ ನ್ಯಾಯಾಲಯವೂ ಮಾಡಿದ ಈ ಕೆಲಸವನ್ನು ಆಡಳಿತವೇ ಮೊದಲು ಮಾಡಬಹುದಾಗಿತ್ತೆಂಬುದು ಚಿಂತನೀಯ.

ಶಬ್ದಾರ್ಥದ ವಿಚಾರ

ಕಾಡೆಂದರೆ ಯಾವುದು? ಇದು ನಿಘಂಟುಕಾರರ ವಿನೋದವಲ್ಲ. ೧೯೯೬ರ ಡಿಸೆಂಬರ್ ೧೨ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅರಣ್ಯವೆಂಬ ಪದವನ್ನು ನಿಘಂಟಿನ ಅರ್ಥದಲ್ಲಿಯೇ ಗ್ರಹಿಸಬೇಕೆಂದು, ಒಡೆತನ ಯಾರದೆಂಬುದು ಗಣನೀಯವಲ್ಲವೆಂದು ಆದೇಶಿಸಿತು. ೨೦೨೩ರ ತಿದ್ದುಪಡಿ ಆ ವ್ಯಾಪ್ತಿಯನ್ನು ಕುಗ್ಗಿಸಿದಾಗ, ೨೦೨೪ರ ಫೆಬ್ರವರಿಯಲ್ಲಿ ನ್ಯಾಯಾಲಯವು ಮಧ್ಯಂತರ ಆದೇಶದ ಮೂಲಕ ನಿಘಂಟಿನ ಅರ್ಥವನ್ನೇ ಅನುಸರಿಸುವಂತೆ ಸೂಚಿಸಿತು. ಒಂದು ಶಬ್ದದ ಅರ್ಥಕ್ಕೆ ಲಕ್ಷಾಂತರ ಎಕರೆ ನೆಲದ ಭವಿಷ್ಯ ಜೋತುಬಿದ್ದಿದೆಯೆಂದರೆ ಭಾಷೆಯ ಅಧ್ಯಾಪಕರ ಹೊಣೆ ಎಷ್ಟೆಂಬುದನ್ನು ಊಹಿಸಬಹುದು.

ಮಲೆನಾಡಿನ ನುಡಿಯಲ್ಲಿ ಈ ವಿವೇಕ ಮೊದಲಿನಿಂದಲೂ ಉಂಟು. ಸೊರಬ, ಸಾಗರದ ಕಡೆ ಮೆಣಸಿನ ಬಳ್ಳಿ, ಜಲದ ಒರತೆ, ಎತ್ತರದ ನಿತ್ಯಹಸುರಿನ ಮರಗಳಿಂದ ಕೂಡಿದ್ದು ಕಾನು. ಅಡಕೆ ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನ ಬೆಟ್ಟ. ಸಾಲಾಗಿ ನೆಟ್ಟು ಸಾಲಾಗಿ ಕಡಿಯುವುದು ನೆಡುತೋಪು. ಆಸ್ಟ್ರೇಲಿಯಾ ಮತ್ತು ಪಾಪುವ ನ್ಯೂಗಿನಿ ಕಡೆಯಿಂದ ಬಂದ ಅಕೇಶಿಯಾದ ತೋಪು ದೂರದಿಂದ ಹಸುರಾಗಿಯೇ ಕಾಣುತ್ತದೆ. ಆದರೆ ಅದರ ಸೊಪ್ಪನ್ನು ದನ ಮೇಯುವುದಿಲ್ಲ, ಉದುರಿದ ಎಲೆ ಬೇಗ ಕೊಳೆಯುವುದಿಲ್ಲ. ಹಳ್ಳಿಗರು ಅದನ್ನು ಕಾನು ಎಂದು ಎಂದೂ ಕರೆದಿಲ್ಲ. ಕಡತದಲ್ಲಿ ಮಾತ್ರ ಎರಡೂ ಅರಣ್ಯವೆಂಬ ಒಂದೇ ಹೆಸರಿನಲ್ಲಿ ನಿಂತವು. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯು ನೈಸರ್ಗಿಕ ಅರಣ್ಯವನ್ನು ಉದ್ಯಮಗಳ ತೋಪಿಗೆ ಕೊಡಬಾರದೆಂದೂ, ಉದ್ಯಮಗಳು ತಮಗೆ ಬೇಕಾದ ಮರವನ್ನು ರೈತರ ಸಹಕಾರದಿಂದ ಬೆಳೆಸಿಕೊಳ್ಳಬೇಕೆಂದೂ ಹೇಳಿತು. ಆ ವೇಳೆಗೆ ಗುತ್ತಿಗೆಗೆ ಎಂಟು ವರ್ಷ ತುಂಬಿತ್ತು.

ಗುತ್ತಿಗೆ ಮುಗಿದ ಮೇಲೆ

ನಷ್ಟ, ಹಳತಾದ ಯಂತ್ರ, ವಿದೇಶದ ಸುದ್ದಿಕಾಗದದ ಪೈಪೋಟಿ ಮುಂತಾದ ಕಾರಣಗಳಿಂದ ೨೦೧೫-೧೬ರ ಹೊತ್ತಿಗೆ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ನೌಕರರು ಸ್ವಯಂನಿವೃತ್ತಿ ಪಡೆದು ಚದುರಿದರು. ಕಾಗದನಗರದ ಬೀದಿಗಳು ಬರಿದಾದವು. ೨೦೨೦ರಲ್ಲಿ ಗುತ್ತಿಗೆ ಮುಗಿದಾಗ ಮುಚ್ಚಿದ ಕಾರ್ಖಾನೆಯ ಹೆಸರಿನಲ್ಲಿಯೇ ಅದನ್ನು ಮತ್ತೆ ೪೦ ವರ್ಷಕ್ಕೆ ನವೀಕರಿಸಲು ರಾಜ್ಯ ಸರ್ಕಾರ ನಿರ್ಧರಿಸಿತು. ಭೂಮಿಯ ಆಸರೆಯಿದ್ದರೆ ಖಾಸಗಿಯವರು ಮುಂದೆ ಬಂದು ಕಾರ್ಖಾನೆಯನ್ನು ನಡೆಸಿಯಾರೆಂಬುದು ಒಂದು ಪಕ್ಷದ ವಾದ. ಕಾರ್ಖಾನೆಯೇ ಇಲ್ಲದ ಮೇಲೆ ತೋಪು ಯಾರಿಗೆ, ಆ ನೆಲದಲ್ಲಿ ಸಹಜವಾದ ಕಾಡು ಮರಳಲಿ ಎಂಬುದು ಇನ್ನೊಂದು ಪಕ್ಷದ ವಾದ. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೆಸರಿನಲ್ಲಿ ಮಲೆನಾಡಿನಲ್ಲಿ ಹೋರಾಟವೇ ನಡೆಯಿತು.

ಕೆಲಸ ಕಳೆದುಕೊಂಡ ಕುಟುಂಬದ ನೋವೂ ಸತ್ಯ, ಮೇವು ನೀರು ಕಳೆದುಕೊಂಡ ಹಳ್ಳಿಯ ನೋವೂ ಸತ್ಯ. ಈ ಎರಡು ನೋವುಗಳನ್ನು ಎದುರುಬದುರು ನಿಲ್ಲಿಸಿದ್ದು ಆಡಳಿತದ ಲೋಪ. ನಲವತ್ತು ವರ್ಷಗಳ ನಡುವೆ ಹತ್ತು ವರ್ಷಕ್ಕೊಮ್ಮೆಯಾದರೂ ಕಾಡಿನ, ನದಿಯ, ಕಾರ್ಮಿಕರ ಲೆಕ್ಕಗಳನ್ನು ಬಹಿರಂಗವಾಗಿ ಓದಿ, ಊರವರ ಎದುರಿನಲ್ಲಿ ಗುತ್ತಿಗೆಯನ್ನು ತಿದ್ದುವ ಕಟ್ಟುಪಾಡು ಇದ್ದಿದ್ದರೆ ಕಾರ್ಖಾನೆಯ ದೌರ್ಬಲ್ಯವೂ ಕಾಡಿನ ಬಡತನವೂ ಮೊದಲೇ ತಿಳಿಯುತ್ತಿದ್ದವು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಗ್ರಂಥಾಲಯದಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ಅರಣ್ಯೋತ್ಪನ್ನಗಳಿಗೆ ಕುಪ್ಯಾಧ್ಯಕ್ಷ, ಆನೆಗಳ ಕಾಡಿಗೆ ನಾಗವನಾಧ್ಯಕ್ಷ, ಆದಾಯ ಕೂಡಿಸಲು ಸಮಾಹರ್ತೃ, ಲೆಕ್ಕ ಪರೀಕ್ಷೆಗೆ ಅಕ್ಷಪಟಲಾಧ್ಯಕ್ಷ ಹೀಗೆ ಅಧಿಕಾರಗಳು ಬೇರೆಬೇರೆ. ಕಾಡಿನಿಂದ ಪಡೆಯುವವನೂ ಕಾಡನ್ನು ಕಾಯುವವನೂ ಬೇರೆ. ಕೂಡಿಸುವವನೂ ಲೆಕ್ಕ ಕೇಳುವವನೂ ಬೇರೆ. ಅರಸೊತ್ತಿಗೆಯ ಕಾಲದಲ್ಲಿ ಅರಸನೊಬ್ಬನ ಕೆಳಗಾದರೂ ತೋರಿದ ಈ ಎಚ್ಚರವನ್ನು ಪ್ರಜಾರಾಜ್ಯವು ಇನ್ನೂ ಮೇಲಾಗಿ ತೋರಬೇಕು. ಮಾಲಿನ್ಯ ಮಂಡಲಿಗೆ ಸರ್ಕಾರದ ಉದ್ಯಮವನ್ನೂ ನಿರ್ಭಯವಾಗಿ ಪರೀಕ್ಷಿಸುವ ಸ್ವಾತಂತ್ರ್ಯ, ಗ್ರಾಮಸಭೆಗೆ ಗುತ್ತಿಗೆಯ ಪತ್ರವನ್ನು ಓದಿ ಅಭಿಪ್ರಾಯ ಹೇಳುವ ಅಧಿಕಾರ, ಉದ್ಯಮ ನಿಲ್ಲುವ ದಿನಕ್ಕಾಗಿ ಕಾರ್ಮಿಕನಿಗೆ ಮೊದಲೇ ಕಟ್ಟಿಟ್ಟ ಆಸರೆ, ಈ ಮೂರೂ ಇದ್ದೆಡೆ ನಿಯಂತ್ರಣವೆಂಬುದು ಬೆದರಿಕೆಯಾಗದೆ ಬೇಲಿಯಾಗುತ್ತದೆ.

ಶಾಲೆಗಳು ಈ ಕಾರ್ಯದಲ್ಲಿ ಕೈಜೋಡಿಸಲು ಸಾಧ್ಯವಿದೆ. ತಮ್ಮ ಊರಿನ ಗುಡ್ಡದಲ್ಲಿ ಇರುವುದು ಕಾನೋ ತೋಪೋ ಎಂದು ಮಕ್ಕಳು ಮರಗಳ ಹೆಸರು ಬರೆದು ಗುರುತಿಸಲಿ. ಊರಿನ ಚರಂಡಿ ಯಾವ ಹಳ್ಳಕ್ಕೆ, ಆ ಹಳ್ಳ ಯಾವ ನದಿಗೆ ಸೇರುತ್ತದೆಂದು ನಕ್ಷೆ ಬರೆಯಲಿ. ಸರ್ಕಾರದ ಆದೇಶವೊಂದನ್ನು ಓದಿ, ಅದರಲ್ಲಿ ಕೊಡುವವರು ಯಾರು, ಪಡೆಯುವವರು ಯಾರು, ಕಾಯುವವರು ಯಾರು ಎಂದು ಮೂರು ಹೆಸರು ಹುಡುಕಲಿ. ಮೂರೂ ಹೆಸರು ಒಂದೇ ಆಗಿದ್ದರೆ ಏಕೆಂದು ಕೇಳುವ ಧೈರ್ಯವನ್ನು ಅಧ್ಯಾಪಕರು ಅವರಿಗೆ ಕಲಿಸಲಿ. ಬಿದಿರು ಮೆಳೆಯ ಮುಳ್ಳು ಕಳಲೆಯನ್ನು ಕಾಯುವಂತೆ ಅಂಥ ಪ್ರಶ್ನೆಯೇ ನಾಡಿನ ಕಾಡುನದಿಗಳನ್ನು ಕಾಯಬಲ್ಲುದು.